ಹಳದಿ ಮರಿ ಈಗಲೇ ತರೋದಾ, ಕಾಯೋದಾ

2024 ಮಾರ್ಚ್ 9, ಶನಿವಾರ, ರಾತ್ರಿ

ಇವತ್ತು ಮರಿ ನೋಡ್ಕೊಂಡು ಬಂದೆ. ಗ್ರೀನ್ ಟ್ರೀ ಪೈಥಾನ್, ಅಂದ್ರೆ ಮರದ ಮೇಲೇ ಬದುಕೋ ಹಸಿರು ಹೆಬ್ಬಾವು, ಆದ್ರೆ ಇದು ಮೊಟ್ಟೆಯಿಂದ ಹೊರಗೆ ಬಂದು ಆರು ವಾರ ಅಷ್ಟೇ ಆಗಿರೋದು, ಹಸಿರಿನ ಸುಳಿವೇ ಇಲ್ಲ, ಇಡೀ ಮೈ ನಿಂಬೆಹಣ್ಣಿನ ಹಳದಿ. ಉದ್ದ ಒಂದು ಅಡಿ, ದಪ್ಪ ಪೆನ್ಸಿಲ್‌ಗಿಂತ ಕಡಿಮೆ. ಒಂದು ಪುಟ್ಟ ಟಬ್‌ನಲ್ಲಿ ಅಡ್ಡ ಇಟ್ಟಿರೋ ಕಡ್ಡಿ ಮೇಲೆ ಸುರುಳಿ ಸುತ್ಕೊಂಡು, ತಲೆನ ಸರಿಯಾಗಿ ನಡುಮಧ್ಯೆ ಇಟ್ಕೊಂಡು ಕೂತಿತ್ತು. ನಾನು ಬಗ್ಗಿ ನೋಡ್ತಾ ಇದ್ದಾಗ ಮೈ ಒಂಚೂರೂ ಅಲ್ಲಾಡ್ಲಿಲ್ಲ, ಬಾಲದ ತುದಿ ಮಾತ್ರ ಹುಳ ಹರಿದಾಡ್ದಂಗೆ ಮೆಲ್ಲಗೆ ಕುಣಿಯೋಕೆ ಶುರುವಾಯ್ತು. ಸಣ್ಣ ಹಲ್ಲಿಗಳು ಅದನ್ನ ಹುಳ ಅಂದ್ಕೊಂಡು ಹತ್ರ ಬರ್ಲಿ ಅಂತ ಮರಿಗಳು ಹಂಗೆ ಮಾಡ್ತವೆ ಅಂತ ಓದಿದ್ದೆ, ಕಣ್ಣಾರೆ ನೋಡಿದ್ದು ಇವತ್ತೇ. ಕೊಟ್ಬಿಡಿ, ಈಗ್ಲೇ ತಗೊಂಡು ಹೋಗ್ತೀನಿ ಅನ್ನೋ ಮಾತು ನಾಲಿಗೆ ತುದಿವರೆಗೆ ಬಂದಿತ್ತು.

ಅದರ ಬದ್ಲು ಎಷ್ಟು ಸಲ ತಿಂದಿದೆ ಅಂತ ಕೇಳ್ದೆ. ಸಾಕಿರೋರು ಪ್ರಾಮಾಣಿಕ ಮನುಷ್ಯ, ನೋಟ್‌ಬುಕ್ ತೆಗೆದು ತೋರಿಸಿದ್ರು. "ಎರಡು ಸಲ ನೋಡಿ, ಒಂದ್ಸಲ ತಾನೇ ಹಿಡೀತು, ಇನ್ನೊಂದ್ಸಲ ನಾನೇ ಬಾಯಿಗೆ ಇಟ್ಟು ತಿನ್ನಿಸ್ದೆ" ಅಂದ್ರು. ಆ ಪುಟದಲ್ಲಿ "ಬೇಡ ಅಂತು" ಅಂತ ಬರೆದಿರೋ ಸಾಲುಗಳೇ ಜಾಸ್ತಿ ಇದ್ವು.

ಅಲ್ಲೇ ನಂಗೆ ಹಳೇ ನೋವು ನೆನಪಾಯ್ತು. ಕೆಲವು ವರ್ಷದ ಹಿಂದೆ ಒಂದು ಅಂಗಡಿಯಿಂದ ಕಾರ್ನ್ ಸ್ನೇಕ್ ಮರಿ ತಂದಿದ್ದೆ, ಎಷ್ಟು ಸಲ ತಿಂದಿದೆ ಅಂತ ನಾನೂ ಕೇಳ್ಲಿಲ್ಲ ಅವರೂ ಹೇಳ್ಲಿಲ್ಲ, ಮನೆಗೆ ಬಂದ ಮೇಲೆ ಒಂದು ತುತ್ತೂ ಮುಟ್ಟಲಿಲ್ಲ, ಎರಡು ತಿಂಗಳಿಗೆ ಬೆನ್ನುಮೂಳೆ ಎದ್ದು ಕಾಣೋಕೆ ಶುರುವಾಯ್ತು, ಆಮೇಲೆ ಒಂದು ಬೆಳಿಗ್ಗೆ ಪ್ರಾಣ ಹೋಗಿತ್ತು. ಕಾರ್ನ್ ಸ್ನೇಕ್ ಅಂದ್ರೆ ಸಾಕೋಕೆ ಸುಲಭ ಅಂತಾರೆ. ಅದರಲ್ಲೇ ಹಂಗಾದ್ಮೇಲೆ ಇದು ಇನ್ನೂ ಎಷ್ಟೋ ನಾಜೂಕು.

ಈ ಮರಿಗಳು ಇಲಿ ಮರಿ ಕೊಟ್ರೆ ಯಾಕೆ ಮುಖ ತಿರುಗಿಸ್ತವೆ ಅನ್ನೋದಕ್ಕೆ ಕಾರಣ ಇದೆ. ನ್ಯೂಗಿನಿ ಕಾಡಲ್ಲಿ, ಆಸ್ಟ್ರೇಲಿಯಾದ ಕೇಪ್ ಯಾರ್ಕ್ ತುದಿಯಲ್ಲಿ ಇವು ಚಿಕ್ಕದಿದ್ದಾಗ ಬೆಳಕು ಬೀಳೋ ಜಾಗದಲ್ಲಿ, ನೆಲಕ್ಕೆ ಹತ್ರ ಇದ್ಕೊಂಡು ಹಾವುರಾಣಿ ತರದ ಸಣ್ಣ ಪ್ರಾಣಿ ಹಿಡೀತವೆ. ಅಲ್ಲಿ ಹಳದಿ ಬಣ್ಣ ಚೆನ್ನಾಗಿ ಮರೆ ಮಾಡುತ್ತೆ. ಹೆಚ್ಚುಕಮ್ಮಿ 55 ಸೆಂ.ಮೀ. ಬೆಳೆದ ಮೇಲೆ ಹಸಿರಾಗಿ ಮೇಲಿನ ಎಲೆಗಳ ಮಧ್ಯೆ ಹೋಗ್ತವೆ, ಆಗ ಇಲಿ, ಹಕ್ಕಿ ಹಿಡಿಯೋ ಶಕ್ತಿ ಬಂದಿರುತ್ತೆ. ಅಂದ್ರೆ ಗುಲಾಬಿ ಬಣ್ಣದ, ಕೂದಲೇ ಇಲ್ದಿರೋ ಇಲಿ ಮರಿ ಅದರ ಕಣ್ಣಿಗೆ ಊಟ ಅಂತ ಕಾಣೋದೇ ಇಲ್ಲ ಪಾಪ. ಅದಕ್ಕೇ ಕೋಳಿಮರಿ ಪುಕ್ಕ ಸವರಿ ವಾಸನೆ ಬದಲಾಯಿಸಿ, ಕತ್ತಲಾದ ಮೇಲೆ ಚಿಮಟದಲ್ಲಿ ಹಿಡಿದು ಮೂತಿ ಹತ್ರ ಮೆಲ್ಲಗೆ ಆಡಿಸಿ, ಗಂಟೆಗಟ್ಲೆ ತಾಳ್ಮೆಯಿಂದ ಕೂರ್ಬೇಕು. ಕೈ ಪಳಗಿರೋರಿಗೆ ಅದು ಬರುತ್ತೆ. ನಂಗೆ ಇನ್ನೂ ಬರಲ್ಲ.

ಇನ್ನೊಂದು ಭಯ ಅದರ ಬಾಲ. ಕಡ್ಡಿನ ಬಿಗಿಯಾಗಿ ಸುತ್ತಿರೋ ಮರಿನ ಎಳೆದು ಬಿಡಿಸಿದ್ರೆ ಬಾಲದ ಮೂಳೆಗೆ ಪೆಟ್ಟಾಗಿ ಜೀವನಪೂರ್ತಿ ಸೊಟ್ಟ ಉಳಿಯುತ್ತೆ. ಇಷ್ಟು ಎಳೆ ಮರಿ ಗಂಡೋ ಹೆಣ್ಣೋ ಅಂತ ಬಾಲದ ಬುಡದಲ್ಲಿ ಸಣ್ಣ ಸಲಾಕೆ ತೂರಿಸಿ ನೋಡೋದೂ ಅದೇ ಕಾರಣಕ್ಕೆ ತಪ್ಪು. ಎತ್ತಲೇಬೇಕು ಅಂದ್ರೆ ಅದು ಕೂತಿರೋ ಕಡ್ಡಿ ಸಮೇತ ಎತ್ತಬೇಕು. ಮುಟ್ಟದೇ ಇರೋದು ನಂಗೆ ಕಷ್ಟ ಅಲ್ಲ, ದೂರದಿಂದ ನೋಡ್ತಾ ಇರೋದೇ ನಂಗೆ ಇಷ್ಟ. ಆದ್ರೆ ಒಂದು ಅವಸರದ ಎಳೆತಕ್ಕೆ ಹಂಗಾಗುತ್ತೆ ಅಂದ್ರೆ ಕೈ ನಡುಗುತ್ತೆ.

ಒಂದು ವಿಷ್ಯ ಮಾತ್ರ ಸಮಾಧಾನ ಕೊಡ್ತು. ಇದರ ಅಪ್ಪ ಅಮ್ಮ ಎರಡನ್ನೂ ತೋರಿಸಿದ್ರು, ಮೊಟ್ಟೆ ಇಟ್ಟ ದಿನ, ಒಡೆದ ದಿನ ಎಲ್ಲ ಬರೆದಿತ್ತು. ಇದು ನಂಗೆ ಬಹಳ ಮುಖ್ಯ, ಯಾಕಂದ್ರೆ 2011ರಲ್ಲಿ ಬಂದ ಒಂದು ಅಧ್ಯಯನ ಇಂಡೋನೇಷ್ಯಾದಿಂದ ಫಾರ್ಮ್‌ನಲ್ಲಿ ಹುಟ್ಟಿದ್ದು ಅಂತ ಹೊರಗೆ ಹೋಗೋ ಈ ಹಾವುಗಳಲ್ಲಿ ಕನಿಷ್ಠ ನೂರಕ್ಕೆ 80 ಕಾಡಿಂದ ಹಿಡಿದಿದ್ದು ಅಂತ ಹೇಳಿತ್ತು. ಕಾಡುಜೀವಿಗಳನ್ನ ದೇಶದಿಂದ ದೇಶಕ್ಕೆ ಮಾರೋದಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿರೋ ಜೀವಿ ಇದು, ಕಾಗದಪತ್ರ ಇಲ್ದೆ ಕೊಳ್ಳೋದು ಅಂದ್ರೆ ಕಾಡು ಖಾಲಿ ಮಾಡೋಕೆ ನಾವೂ ಕೈ ಜೋಡಿಸಿದಂಗೆ.

ಸಂಜೆ ಅಕ್ಕಂಗೆ ಫೋನ್ ಮಾಡಿ ಎಲ್ಲ ಹೇಳ್ದೆ. ಅವಳಿಗೆ ಹಾವು ಅಂದ್ರೆ ಆಗಲ್ಲ, ಆದ್ರೂ ಪೂರ್ತಿ ಕೇಳಿಸ್ಕೊಂಡು "ಅದಕ್ಕೆ ಯಾರ ಹತ್ರ ಇದ್ರೆ ಒಳ್ಳೇದು ಈಗ, ಅಷ್ಟು ಹೇಳು" ಅಂದ್ಲು. ನಾನು ಸುಮ್ನಾದೆ. ಉತ್ತರ ಗೊತ್ತಿತ್ತಲ್ಲ.

ಆಮೇಲೆ ಆ ಸಾಕಿರೋರಿಗೆ ಫೋನ್ ಮಾಡಿ ಹೇಳ್ದೆ, ಸರ್ ನಂಗೆ ಆ ಮರಿನೇ ಬೇಕು, ಆದ್ರೆ ಈಗ ಬೇಡ, ತಾನಾಗೇ ಹಿಡಿದು ಸತತ ಹತ್ತು ಊಟ ಮಾಡ್ಲಿ, ಪೊರೆನೂ ತುಂಡಾಗ್ದೆ ನೀಟಾಗಿ ಬಿಡ್ಲಿ, ಅಲ್ಲಿವರೆಗೆ ನಿಮ್ಮ ಹತ್ರನೇ ಇರ್ಲಿ, ಮುಂಗಡ ಕೊಡ್ತೀನಿ ಅಂತ. ಬೇಜಾರು ಮಾಡ್ಕೋತಾರೇನೋ ಅಂದ್ಕೊಂಡಿದ್ದೆ, ಅವರು ಖುಷಿಯಾದ್ರು. ಪ್ರತಿ ಊಟ ಆದ್ಮೇಲೆ ಫೋಟೋ ಕಳಿಸ್ತೀನಿ, ಬೇಕಾದ್ರೆ ಬಂದು ಕೂತು ತಿನ್ನಿಸೋದು ಕಲೀರಿ ಅಂದ್ರು. ಹತ್ತು ಊಟದ ಒಳಗೆ ಅದು ಹಸಿರಾಗಲ್ಲ, ಬಣ್ಣ ಬದಲಾಗೋದನ್ನ ನಮ್ಮನೇಲೇ ನೋಡ್ತೀನಿ, ಆ ಆಸೆ ಹಂಗೇ ಉಳ್ಕೊಂಡಿದೆ.

ಹಾವು ಇಲ್ದಿದ್ರೂ ಟಬ್ ಇವತ್ತೇ ರೆಡಿ ಮಾಡ್ದೆ. ಮೂರು ಸಣ್ಣ ಕಡ್ಡಿ ಸುಲಭವಾಗಿ ಹೊರಗೆ ಬರೋ ತರ ಕೂರಿಸಿದೀನಿ, ಬೆಚ್ಚಗಿನ ಕಡೆ 29 ಡಿಗ್ರಿಗೆ ಥರ್ಮೋಸ್ಟಾಟ್ ಇಟ್ಟಿದೀನಿ. ಸಂಜೆ ನೀರು ಚಿಮುಕಿಸಿದ್ದು ನಾಳೆ ಮಧ್ಯಾಹ್ನದ ಹೊತ್ತಿಗೆ ಒಣಗಬೇಕು, ಯಾವಾಗ್ಲೂ ಒದ್ದೆ ಇದ್ರೆ ಚರ್ಮಕ್ಕೆ ಸೋಂಕು ಬರುತ್ತೆ. ರಾತ್ರಿ 11ಕ್ಕೆ ನೋಡ್ದಾಗ 31 ತೋರಿಸ್ತಿತ್ತು, ಜಾಸ್ತಿ ಆಯ್ತು. ಥರ್ಮೋಸ್ಟಾಟ್‌ನ ಪ್ರೋಬ್, ಅಂದ್ರೆ ಬಿಸಿ ಅಳೆಯೋ ವೈರ್ ತುದಿ, ಕಡ್ಡಿಯಿಂದ ದೂರ ಇತ್ತು, ಹತ್ರಕ್ಕೆ ಸರಿಸಿದೀನಿ, ಬೆಳಿಗ್ಗೆ ಮತ್ತೆ ನೋಡ್ಬೇಕು.