ನನ್ನ ಪ್ರಶ್ನೆಪತ್ರಿಕೆಗೆ ದೊಡ್ಡಪ್ಪ ಕೊಟ್ಟ ಮಾರ್ಕ್ಸು

ಮಂಡ್ಯದ ಸುಭಾಷ್ ನಗರದಲ್ಲಿ ನನ್ನ ಗೆಳೆಯನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಭಾನುವಾರ ಬೆಳಗ್ಗೆ ಅದು ಖಾಲಿ. ಎರಡು ವರ್ಷದಿಂದ ಅಲ್ಲಿ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಫೀಸಿಲ್ಲ, ಕಾಫಿ ಖರ್ಚು ಮಾತ್ರ ಅವರವರದ್ದು. ನಾನೇನು ಓದಿದ ಮೇಷ್ಟ್ರಲ್ಲ. ವಾರವೆಲ್ಲ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವನು. ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಡಿಗ್ರಿಗೆ ಬಂದಾಗ ಇಂಗ್ಲಿಷಿನ ಮುಂದೆ ತಲೆ ತಗ್ಗಿಸಿ ಕೂತು, ಆಮೇಲೆ ಹಟಕ್ಕೆ ಬಿದ್ದು ಕಲಿತವನು. ಹಾಗಾಗಿ ಕಲಿಯುವವರ ಕಷ್ಟ ನನಗೆ ಚೆನ್ನಾಗಿ ಗೊತ್ತು ಅನ್ನೋ ಒಂದು ಜಂಬ ಇತ್ತು. ಅದು ಇಳಿದದ್ದು ಕಳೆದ ಜೂನ್‌ನಲ್ಲಿ.

ಆ ಸಲ 14 ಜನ ಸೇರಿದ್ದರು. ಎಲ್ಲರನ್ನೂ ಒಂದೇ ಗುಂಪಿನಲ್ಲಿ ಕೂರಿಸಿದರೆ ಗೊತ್ತಿದ್ದವರಿಗೆ ಆಕಳಿಕೆ, ಗೊತ್ತಿಲ್ಲದವರಿಗೆ ಗಾಬರಿ. ಮೊದಲೇ ಒಂದು ಪರೀಕ್ಷೆ ಇಟ್ಟು ಎರಡು ಗುಂಪು ಮಾಡೋಣ ಅಂದುಕೊಂಡೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ. ಯೂರೋಪಿನವರು 2001ರಲ್ಲಿ ಭಾಷಾ ಕಲಿಕೆಗೆ ಆರು ಮೆಟ್ಟಿಲು ಮಾಡಿಕೊಟ್ಟಿದ್ದಾರಲ್ಲ, ಎ1, ಎ2, ಬಿ1, ಬಿ2, ಸಿ1, ಸಿ2 ಅಂತ, ಆ ಲೆಕ್ಕದಲ್ಲೇ ಎಲ್ಲ. ನಾನು ಬೋರ್ಡಿನ ಮೇಲೆ ಎ1, ಎ2 ಅಂತ ಬರೆದಿದ್ದೇ ತಡ, ನರ್ಸಿಂಗ್ ಓದುವ ಹುಡುಗಿ ಕೇಳಿದಳು: "ಸಾರ್, ಟಿವಿ ನ್ಯೂಸಲ್ಲಿ ಎ1 ಆರೋಪಿ, ಎ2 ಆರೋಪಿ ಅಂತಾರಲ್ಲ, ನಾವೂ ಹಾಗೇನಾ?" ಎಲ್ಲರೂ ನಕ್ಕರು. ಪರೀಕ್ಷೆಯ ಭಯ ಅರ್ಧ ಹೋಯಿತು.

ಪತ್ರಿಕೆಯಲ್ಲಿ ಎರಡು ಭಾಗ. ಮೊದಲು 30 ಗ್ರಾಮರ್ ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ. ಆಮೇಲೆ ಓದಿ ಉತ್ತರಿಸಲು ಎರಡು ಪ್ಯಾರಾ, ತಲಾ 10 ಪ್ರಶ್ನೆ. ಓದುವ ಭಾಗಕ್ಕೆ ಕನ್ನಡದಲ್ಲಿ ಬರೆದರೂ ಸರಿ ಅಂದಿದ್ದೆ. ಮೊದಲ ಪ್ಯಾರಾ ನೆಟ್ಟಿನಿಂದ ಎತ್ತಿದ್ದು. ಹಿಮ ಬಿದ್ದು ಶಾಲೆಗೆ ರಜೆ, ಅಪ್ಪ ಬೆಳಗ್ಗೆ ಎದ್ದು ಡ್ರೈವ್‌ವೇಯಲ್ಲಿ ಬಿದ್ದ ಹಿಮ ಎತ್ತಿ ಹಾಕುತ್ತಾನೆ ಅನ್ನೋ ಕಥೆ. ಹತ್ತು ನಿಮಿಷದಲ್ಲಿ ಒಂದು ಕೈ ಮೇಲೆದ್ದಿತು. "ಸಾರ್, ಡ್ರೈವ್‌ವೇ ಅಂದ್ರೆ ನಮ್ ಬೆಂಗಳೂರು-ಮೈಸೂರು ಹೈವೇ ಥರಾನಾ? ಒಬ್ನೇ ಎತ್ತಿ ಹಾಕಕ್ಕಾಗುತ್ತಾ?" ಆ ಪ್ಯಾರಾದಲ್ಲಿ ಯಾರಿಗೂ ಐದರ ಮೇಲೆ ಬರಲಿಲ್ಲ. ನಮ್ಮೂರಿನ ಮನೆಗೆ ಗೇಟು, ಗೇಟಿನ ಮುಂದೆ ರಂಗೋಲಿ, ರಂಗೋಲಿ ದಾಟಿದರೆ ರಸ್ತೆ. ರಸ್ತೆಯಿಂದ ಮನೆ ಬಾಗಿಲವರೆಗೆ ಕಾರು ಬರೋ ಡ್ರೈವ್‌ವೇ ಎಲ್ಲಿಂದ ಬರಬೇಕು?

ಎರಡನೇ ಪ್ಯಾರಾ ನಾನೇ ಬರೆದಿದ್ದೆ. ಆಲೆಮನೆ ಮೇಲೆ. ಮಂಡ್ಯದವರಿಗೆ ಅದಕ್ಕಿಂತ ಹತ್ತಿರದ್ದು ಏನಿದೆ, ಅಲ್ವಾ? ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿಯೋದು, ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಹಾಕೋದು, ಸುಣ್ಣ ಹಾಕಿ ಕೊಳೆ ತೆಗೆಯೋದು, ಪಾಕ ಬಂದ ಮೇಲೆ ಅಚ್ಚಿಗೆ ಹಾಕೋದು. ಎಲ್ಲ ಸುಲಭ ಇಂಗ್ಲಿಷಿನಲ್ಲಿ. ಬರೆದು ಮುಗಿಸಿದಾಗ ನನಗೆ ನನ್ನ ಮೇಲೇ ಮೆಚ್ಚುಗೆ.

ರಾತ್ರಿ ಊಟ ಮುಗಿಸಿ ತಿದ್ದಲು ಕೂತೆ. ಅಲ್ಲಿಂದ ಶುರುವಾಯಿತು ನನ್ನ ಪರೀಕ್ಷೆ.

ಕ್ಲಾಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಮೂವತ್ತು ವರ್ಷ ಆಲೆಮನೆಯಲ್ಲಿ ದುಡಿದವರು. ಎಲ್ಲರೂ ಅವರನ್ನು ದೊಡ್ಡಪ್ಪ ಅಂತಲೇ ಕರೆಯೋದು. ಮೊಮ್ಮಗ ಇಂಗ್ಲಿಷ್ ಮೀಡಿಯಮ್ಮು, ಅದಕ್ಕೇ ಸೇರಿದ್ದು. ಗ್ರಾಮರಿನಲ್ಲಿ ಅವರಿಗೆ ಬಂದದ್ದು 8. ನಾಲ್ಕು ಆಯ್ಕೆಯ 30 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಏಳೆಂಟು ಬರುತ್ತೆ. ಅಂದರೆ ಆ 8ಕ್ಕೆ ಬೆಲೆ ಇಲ್ಲ. ಆದರೆ ಆಲೆಮನೆ ಪ್ಯಾರಾದಲ್ಲಿ ಹತ್ತಕ್ಕೆ ಎಂಟು! ಅತ್ತ ನರ್ಸಿಂಗ್ ಹುಡುಗಿಗೆ ಗ್ರಾಮರಿನಲ್ಲಿ 29, ಆಲೆಮನೆಯಲ್ಲಿ ನಾಲ್ಕು. ಪೇಪರ್ ಅದಲುಬದಲಾಯಿತಾ ಅಂತ ಹೆಸರು ಮತ್ತೊಮ್ಮೆ ನೋಡಿದೆ.

ಮುಂದಿನ ಭಾನುವಾರ ದೊಡ್ಡಪ್ಪನವರನ್ನು ಕೇಳಿದೆ. "ಪ್ಯಾರಾ ಪೂರ್ತಿ ಅರ್ಥ ಆಯ್ತಾ?"

"ಪ್ಯಾರಾನಾ? ಅದ್ಯಾಕ್ ಓದ್ಲಿ ಮೇಷ್ಟ್ರೇ," ಅಂದರು. "ಪ್ರಶ್ನೆಲಿ ಜಾಗರಿ ಅಂತಿತ್ತು, ಲೈಮ್ ಅಂತಿತ್ತು. ಸುಣ್ಣ ಯಾಕ್ ಹಾಕ್ತಾರೆ ಅಂತ ನೀವು ನನ್ನ ಕೇಳಬೇಕಾ?"

ಅಲ್ಲಿಗೆ ಅವರ ಎಂಟು ಮಾರ್ಕ್ಸಿನ ಗುಟ್ಟು ಗೊತ್ತಾಯಿತು. ತಪ್ಪಾದ ಎರಡರ ಕಥೆ ಇನ್ನೂ ಚೆನ್ನಾಗಿದೆ. ಸರಿ, ತಪ್ಪು, ಪ್ಯಾರಾದಲ್ಲಿ ಹೇಳಿಲ್ಲ, ಹೀಗೆ ಮೂರು ಆಯ್ಕೆಯ ಪ್ರಶ್ನೆ ಕೆಲವು ಕೊಟ್ಟಿದ್ದೆ. ವಿದೇಶಕ್ಕೆ ಹೋಗೋರು ಬರೆಯೋ ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ ಬರುತ್ತಲ್ಲ, ಆ ಥರ. ಒಂದು ವಾಕ್ಯ ಹೀಗಿತ್ತು: ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಕಾಯಿ ಗಿಡದ ಲೋಳೆಯನ್ನೂ ಬಳಸುತ್ತಾರೆ. ಪ್ಯಾರಾದಲ್ಲಿ ಬೆಂಡೆಕಾಯಿಯ ಸುದ್ದಿಯೇ ಇಲ್ಲ. ಹಾಗಾಗಿ ನನ್ನ ಪ್ರಕಾರ ಉತ್ತರ 'ಹೇಳಿಲ್ಲ'. ದೊಡ್ಡಪ್ಪ 'ಸರಿ' ಅಂತ ಗುರುತು ಹಾಕಿದ್ದರು.

"ಹೇಳಿಲ್ಲ ಅಂದ್ರೇನು? ನಾನ್ ಹೇಳ್ತಿದ್ದೀನಲ್ಲ. ಬೆಂಡೆ ಗಿಡ ಜಜ್ಜಿ ನೀರಲ್ಲಿ ಹಾಕಿದ್ರೆ ಲೋಳೆ ಬತ್ತದೆ. ಅದನ್ನ ಕೊಪ್ಪರಿಗೆಗೆ ಹಾಕಿದ್ರೆ ಕೊಳೆಯೆಲ್ಲ ಮೇಲಕ್ ಬತ್ತದೆ, ಎತ್ತಿ ಎಸೆಯೋದು. ನೀವ್ ಅದನ್ನ ಬರೀದೆ ಬುಟ್ಟಿದ್ದು ನಿಮ್ ತಪ್ಪು."

ಏನು ಹೇಳೋದು? ಪ್ರಪಂಚದ ಲೆಕ್ಕದಲ್ಲಿ ಅವರದೇ ಸರಿ. ನನ್ನ ಪತ್ರಿಕೆಯ ಲೆಕ್ಕದಲ್ಲಿ ಮಾತ್ರ ತಪ್ಪು. 1988ರಲ್ಲಿ ಅಮೆರಿಕದಲ್ಲಿ 64 ಮಕ್ಕಳ ಮೇಲೆ ಇಂಥದ್ದೇ ಒಂದು ಪ್ರಯೋಗ ಮಾಡಿದ್ದರು. ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಓದಿಸಿದರು. ಓದಿನಲ್ಲಿ ಹಿಂದಿದ್ದು ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರಂತೆ. ನನ್ನ ಕಥೆಯಲ್ಲಿ ಹಿಮದ ಪ್ಯಾರಾ ಒಂದು ಕಡೆ ಎಳೆಯಿತು, ಬೆಲ್ಲದ ಪ್ಯಾರಾ ಇನ್ನೊಂದು ಕಡೆ. ಎರಡರಲ್ಲೂ ಇಂಗ್ಲಿಷ್ ಅಳೆದದ್ದು ಕಮ್ಮಿಯೇ.

ಇನ್ನು ಹುಡುಗಿಯ ವಿಷಯ. ಪಾಕವನ್ನು ಅಚ್ಚಿಗೆ ಯಾವಾಗ ಸುರಿಯುತ್ತಾರೆ ಅನ್ನೋದು ಪ್ರಶ್ನೆ. ಅವಳು ಪ್ರಶ್ನೆಯಲ್ಲಿದ್ದ 'ಪೋರ್' ಅನ್ನೋ ಪದ ಹಿಡಿದುಕೊಂಡು ಪ್ಯಾರಾದಲ್ಲಿ ಹುಡುಕಿದ್ದಾಳೆ. ಮೊದಲು ಸಿಕ್ಕ 'ಪೋರ್' ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿಯುವ ಸಾಲಿನದ್ದು. ಆ ಸಾಲನ್ನೇ ಕ್ಯಾಪಿಟಲ್ ಅಕ್ಷರದಿಂದ ಫುಲ್‌ಸ್ಟಾಪ್‌ವರೆಗೆ ನೀಟಾಗಿ ಇಳಿಸಿದ್ದಾಳೆ. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾಗಿದ್ದೂ ಇದೇ ವಿದ್ಯೆಯಿಂದ.

ಇದನ್ನು ಬಾಯಲ್ಲಿ ಹೇಳೋ ಬದಲು ಬೋರ್ಡಿನ ಮೇಲೆ ಬರೆದೆ: 'ಗುಳಕನು ಮಿಸರದಲ್ಲಿ ಟಪಕವನ್ನು ಜಿಬ್ಬಿದನು.'

"ಗುಳಕನು ಟಪಕವನ್ನು ಎಲ್ಲಿ ಜಿಬ್ಬಿದನು?"

"ಮಿಸರದಲ್ಲಿ!" ಹದಿನಾಲ್ಕೂ ಜನ ಒಟ್ಟಿಗೆ.

"ಮಿಸರದಲ್ಲಿ ಏನನ್ನು ಜಿಬ್ಬಿದನು?"

"ಟಪಕವನ್ನು!"

"ಎರಡಕ್ಕೆ ಎರಡು ಮಾರ್ಕ್ಸು. ಈಗ ಜಿಬ್ಬೋದು ಅಂದ್ರೇನು ಹೇಳಿ."

ಒಂದು ಕ್ಷಣ ಎಲ್ಲರೂ ಗಪ್‌ಚುಪ್. ಆಮೇಲೆ ಹುಡುಗಿ ಮೆಲ್ಲಗೆ ಅಂದಳು, "ಸಾರ್, ನಾನು ಹತ್ತು ವರ್ಷದಿಂದ ಇಂಗ್ಲಿಷಲ್ಲಿ ಇದನ್ನೇ ಮಾಡ್ತಿದ್ದೀನಿ." ಗ್ರಾಮರಿನ ಗುಟ್ಟನ್ನೂ ಅವಳೇ ಬಿಚ್ಚಿಟ್ಟಳು. ವಾಕ್ಯದಲ್ಲಿ 'ಯೆಸ್ಟರ್‌ಡೇ' ಕಂಡರೆ ಕೊನೆಗೆ 'ಇಡಿ' (ed) ಇರೋ ಆಯ್ಕೆಗೆ ಗುರುತು, 'ಸಿನ್ಸ್' ಕಂಡರೆ 'ಹ್ಯಾಸ್ ಬೀನ್'ಗೆ. ವಾಕ್ಯ ಓದೋ ಅಗತ್ಯವೇ ಇಲ್ಲ.

ಹಾಗಾದರೆ ಬೇರೆ ಏನು ಮಾಡೋದು? ಕ್ಲೋಜ್ ಪರೀಕ್ಷೆ ಅಂತ ಹಳೇ ಉಪಾಯವೊಂದಿದೆ, 1953ರಿಂದ ಬಳಕೆಯಲ್ಲಿದೆ. ಒಂದು ಬರಹದಲ್ಲಿ ಐದನೆಯದೋ ಏಳನೆಯದೋ ಪದವನ್ನು ಸಾಲಾಗಿ ಅಳಿಸುತ್ತಾ ಹೋಗೋದು, ಓದುವವರು ತುಂಬಬೇಕು. ಅವತ್ತೇ ಒಂದು ಸಣ್ಣ ಕಥೆಯಲ್ಲಿ ಮಾಡಿ ನೋಡಿದೆ. ಹೆಸರು, ಕೆಲಸದ ಪದಗಳನ್ನು ಪರವಾಗಿಲ್ಲ ಅನ್ನೋ ಹಾಗೆ ತುಂಬಿದರು. 'ಎ', 'ದ' ಬರಬೇಕಾದ ಜಾಗ ಮಾತ್ರ ಎಲ್ಲರದ್ದೂ ಖಾಲಿ. ಕನ್ನಡದಲ್ಲಿ ಆ ಪದಗಳೇ ಇಲ್ಲವಲ್ಲ, ಅಲ್ಲೊಂದು ಪದ ಕಾಣೆಯಾಗಿದೆ ಅಂತಲೇ ಅವರಿಗೆ ಅನ್ನಿಸಿಲ್ಲ. ಪದ ಇಲ್ಲ, ಆದರೆ ಆ ವ್ಯತ್ಯಾಸ ನಮ್ಮ ಕಿವಿಗೆ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಾ ನಿಂತಿದ್ದೀರಿ. "ಬಸ್ ಬಂತು" ಅಂದರೆ ಚೀಲ ಎತ್ತಿಕೊಳ್ಳುತ್ತೀರಿ. "ಒಂದು ಬಸ್ ಬಂತು" ಅಂದರೆ "ಯಾವುದು?" ಅಂತ ಕೇಳುತ್ತೀರಿ. ಮೊದಲನೆಯದು 'ದ', ಎರಡನೆಯದು 'ಎ'. ಇಷ್ಟು ಹೇಳಿದ ಮೇಲೆ ಖಾಲಿ ಜಾಗಗಳು ಒಂದೊಂದೇ ತುಂಬಿಕೊಂಡವು. ಎಲ್ಲ ಸರಿ ಇರಲಿಲ್ಲ, ಅದು ಬೇರೆ ಮಾತು.

ಕ್ಲಾಸು ಮುಗಿಯಿತು. ಗುಂಪು ಮಾಡೋ ಕೆಲಸ ಹಾಗೇ ಉಳಿಯಿತು. ಎಲ್ಲರೂ ಕಾಫಿಗೆ ಹೊರಟಾಗ ದೊಡ್ಡಪ್ಪ ಚೀಲದಿಂದ ಮೊಮ್ಮಗನ ಸ್ಕೂಲ್ ಡೈರಿ ತೆಗೆದರು. ಎರಡೇ ಸಾಲು. 'ಯುವರ್ ವಾರ್ಡ್ ವಾಸ್ ಆಬ್ಸೆಂಟ್ ಆನ್ ಫ್ರೈಡೇ. ಹಿ ಹ್ಯಾಸ್ ನಾಟ್ ಸಬ್‌ಮಿಟೆಡ್ ಹಿಸ್ ಪ್ರಾಜೆಕ್ಟ್.'

"ವಾರ್ಡ್ ಅಂದ್ರೆ ನಗರಸಭೆದು ಅಲ್ವಾ ಮೇಷ್ಟ್ರೇ? ಸ್ಕೂಲ್‌ನೋರಿಗೆ ನಮ್ ವಾರ್ಡ್ ಯಾಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಬಗ್ಗಿ ನೋಡಿದಳು. ಅವಳಿಗೆ ವಾರ್ಡ್ ಅಂದರೆ ಆಸ್ಪತ್ರೆಯದು. ನಾನು ಬೇಕಂತಲೇ ಸುಮ್ಮನಾದೆ. ಅವಳು ಎರಡನೇ ಸಾಲಿನ ಮೇಲೆ ಬೆರಳಿಟ್ಟಳು.

"ದೊಡ್ಡಪ್ಪ, ವಾರ್ಡ್ ಆಗಿದ್ರೆ ಇಲ್ಲಿ 'ಇಟ್' ಬರ್ಬೇಕಿತ್ತು. 'ಹಿ' ಅಂತ ಇದೆ. ಯಾರೋ ಗಂಡಸು."

ದೊಡ್ಡಪ್ಪ ಕನ್ನಡಕ ಸರಿ ಮಾಡಿಕೊಂಡರು. "ಫ್ರೈಡೇ ಅಂದ್ರೆ ಶುಕ್ರವಾರ. ಶುಕ್ರವಾರ ನಮ್ ಹುಡುಗ ಸ್ಕೂಲಿಗೋಗಿರ್ಲಿಲ್ಲ, ಜ್ವರ ಇತ್ತು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂಗಾರೆ ವಾರ್ಡ್ ಅಂದ್ರೆ ನಮ್ ಹುಡ್ಗನೇನಾ!" ಅಂತ ದೊಡ್ಡಪ್ಪ ಜೋರಾಗಿ ನಕ್ಕರು. ಆಮೇಲೆ ಡೈರಿಯನ್ನು ನನ್ನ ಕಡೆ ತಳ್ಳಿ, ಜೇಬಿನಿಂದ ಪೆನ್ನು ತೆಗೆದುಕೊಟ್ಟರು.

"ನಮ್ ವಾರ್ಡ್‌ಗೆ ಜ್ವರ ಬಂದಿತ್ತು ಅಂತ ಬರ್ದುಕೊಡಿ ಮೇಷ್ಟ್ರೇ, ಸೈನ್ ನಾನೇ ಹಾಕ್ತೀನಿ."