ಎಂಜಿನ್ ಪಕ್ಕದ ಡಬ್ಬಿಯನ್ನೂ ಟೆಸ್ಟಿಗೆ ತನ್ನಿ

ಬೆಂಗಳೂರಿನ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ನನ್ನ ಕೆಲಸ. ಉಪಗ್ರಹಕ್ಕೆ ಹೋಗುವ ಎಲೆಕ್ಟ್ರಾನಿಕ್ಸ್ ಪೆಟ್ಟಿಗೆಗಳನ್ನು ವ್ಯಾಕ್ಯೂಮ್ ಛೇಂಬರಿಗೆ ಹಾಕಿ, ಗಾಳಿ ತೆಗೆದು, ಕಾಯಿಸಿ, ತಣಿಸಿ ನೋಡುತ್ತೇವೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಒಂದು ಸೋವಿಯತ್ ಎಂಜಿನ್ನಿನ ಕಥೆ.

ಎಸ್1.5400 ಅದರ ಹೆಸರು. ಸೋವಿಯತ್ ರಾಕೆಟ್ಟುಗಳ ಮುಖ್ಯ ವಿನ್ಯಾಸಕ ಕೊರೊಲ್ಯೊವ್ ಅವರ ಒಕೆಬಿ-1 ಎಂಬ ವಿನ್ಯಾಸ ಕಚೇರಿಯಲ್ಲಿ ಮಿಖಾಯಿಲ್ ಮೆಲ್ನಿಕೊವ್ ತಂಡ ಮಾಡಿದ್ದು. ಮೊಲ್ನಿಯಾ ರಾಕೆಟ್ಟಿನ ನಾಲ್ಕನೇ ಹಂತ, ಅಂದರೆ ಬ್ಲಾಕ್ ಎಲ್‌ಗೆ. ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕದಲ್ಲಿ ಓಡುತ್ತಿತ್ತು, ನೂಕುಬಲ ಸುಮಾರು ಆರೂವರೆ ಟನ್. ಅದಕ್ಕೂ ಮೊದಲಿನ ಎಂಜಿನ್‌ಗಳಲ್ಲಿ ಪಂಪಿನ ಟರ್ಬೈನ್ ತಿರುಗಿಸಿದ ಅನಿಲ ಇಂಧನ ಉರಿಯುವ ಮುಖ್ಯ ಛೇಂಬರಿಗೆ ಬರದೆ ಹೊರಗೆ ಹೋಗಿಬಿಡುತ್ತಿತ್ತು. ಮೆಲ್ನಿಕೊವ್ ತಂಡ ಅದನ್ನೂ ಛೇಂಬರಿಗೆ ಕಳಿಸಿ ಉರಿಸಿತು. ಹೇಳೋದು ಸುಲಭ. ಆ ಅನಿಲ ಕುದಿಬಿಸಿ, ಅದರಲ್ಲಿ ಆಮ್ಲಜನಕವೂ ಜಾಸ್ತಿ. ಎಲ್ಲಾದರೂ ಒಂದು ಚೂರು ಕಸ ಸಿಕ್ಕಿದರೆ ಲೋಹವೇ ಹೊತ್ತಿಕೊಳ್ಳುತ್ತದೆ. ಆದರೂ ಗೆದ್ದರು. ಚಂದ್ರನ ಕಡೆಗೆ ಲೂನಾ ನೌಕೆಗಳನ್ನು ಒಯ್ದ, ಕೊಸ್ಬರ್ಗ್ ಎಂಬ ಇನ್ನೊಬ್ಬ ವಿನ್ಯಾಸಕರ ಆರ್‌ಡಿ-0105 ಎಂಜಿನ್ನಿನ ಸ್ಪೆಸಿಫಿಕ್ ಇಂಪಲ್ಸ್ (ಇಂಧನದಿಂದ ಎಷ್ಟು ನೂಕು ಹಿಂಡುತ್ತದೆ ಎಂಬ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು) 316 ಸೆಕೆಂಡ್, ಇದರದ್ದು ಸುಮಾರು 340. ಈ ಲೈನಿನಲ್ಲಿ ಅದು ಭಾರೀ ವ್ಯತ್ಯಾಸ.

ಇನ್ನೊಂದು ತಲೆನೋವು ಸ್ಟಾರ್ಟ್ ಮಾಡೋದು. ಆರ್‌ಡಿ-0105 ಹೊತ್ತಿಕೊಳ್ಳುವಾಗ ಕೆಳಗಿನ ಹಂತ ಇನ್ನೂ ನೂಕುತ್ತಲೇ ಇರುತ್ತಿತ್ತು, ಹಾಗಾಗಿ ಇಂಧನ ಟ್ಯಾಂಕಿನ ತಳದಲ್ಲೇ ಕೂತಿರುತ್ತಿತ್ತು. ಬ್ಲಾಕ್ ಎಲ್ ಹಾಗಲ್ಲ. ಭೂಮಿಯ ಸುತ್ತ ಸುಮಾರು ಒಂದು ಗಂಟೆ ಸುಮ್ಮನೆ ತೇಲಿ, ಆಮೇಲೆ ಆಫ್ರಿಕಾದ ಮೇಲೆಲ್ಲೋ ಹೊತ್ತಿಕೊಳ್ಳಬೇಕು. ತೂಕವೇ ಇಲ್ಲದ ಕಡೆ ಇಂಧನ ಎಲ್ಲಿರುತ್ತೆ ಅಂತ ಯಾರಿಗೆ ಗೊತ್ತು? ಪಂಪಿಗೆ ಗುಳ್ಳೆ ಹೋದರೆ ಕಥೆ ಮುಗೀತು. ಅದಕ್ಕೇ ಪುಟ್ಟ ಘನ ಇಂಧನದ ಮೋಟಾರುಗಳನ್ನಿಟ್ಟು, ಮೊದಲು ಅವುಗಳಿಂದ ಮೆಲ್ಲಗೆ ತಳ್ಳಿಸಿ ಇಂಧನವನ್ನು ತಳಕ್ಕೆ ಕೂರಿಸುವ ವ್ಯವಸ್ಥೆ ಮಾಡಿದ್ದರು. ಟೆಲಿಮೆಟ್ರಿ, ಅಂದರೆ ರಾಕೆಟ್ ರೇಡಿಯೋದಲ್ಲಿ ಕಳಿಸುವ ಮಾಹಿತಿ, ಹಿಡಿಯಲು ಅಟ್ಲಾಂಟಿಕ್ ಸಾಗರಕ್ಕೆ ಹಡಗುಗಳೂ ಹೋಗಿದ್ದವು.

1961ರ ಫೆಬ್ರವರಿ 4. ಶುಕ್ರಗ್ರಹಕ್ಕೆ ಹೊರಟ ರಾಕೆಟ್ ಸರಿಯಾಗಿ ಕಕ್ಷೆಗೆ ಸೇರಿತು. ಬ್ಲಾಕ್ ಎಲ್ ಮಾತ್ರ ಹೊತ್ತಿಕೊಳ್ಳಲೇ ಇಲ್ಲ. 6,483 ಕೆಜಿಯ ಭಾರೀ ಉಪಗ್ರಹ ಹಾರಿಸಿದ್ದೇವೆ ಎಂದು ಮಾಸ್ಕೋ ಪ್ರಕಟಿಸಿತು, ಶುಕ್ರನ ಸುದ್ದಿ ಎತ್ತಲಿಲ್ಲ. ಜಾಣತನ ಬಿಡಿ.

ಆಮೇಲೆ ಬೆರಳು ಹೋಗಿದ್ದು ಪಿಟಿ-200 ಎಂಬ ಕನ್ವರ್ಟರ್ ಕಡೆಗೆ. ಬ್ಯಾಟರಿಯ ಡಿಸಿಯನ್ನು ಎಸಿ ಮಾಡಿ ಕಂಟ್ರೋಲ್ ಸಿಸ್ಟಮ್ಮಿಗೆ ಕೊಡುವ ತಿರುಗುವ ಮೆಷಿನ್ ಅದು. ವ್ಯಾಕ್ಯೂಮಿನಲ್ಲಿ ಓಡಲಿ ಅಂತ ಮಾಡಿದ್ದಲ್ಲ.

ಇಂಥ ಮೆಷಿನ್ನಿಗೆ ನಮ್ಮ ಛೇಂಬರಿನಲ್ಲಿ ಏನಾಗುತ್ತೆ ಅಂದರೆ: ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ನುಣ್ಣಗೆ ಜಾರುವುದೇ ಗಾಳಿಯ ತೇವದಿಂದ. ತೇವ ಹೋದರೆ ಬ್ರಶ್ ಸವೆದು ಕಪ್ಪು ಪುಡಿಯಾಗುತ್ತದೆ. ಮಾಮೂಲಿ ಗ್ರೀಸ್ ಆವಿಯಾಗುತ್ತದೆ, ಬೇರಿಂಗ್ ಬಿಗಿಯುತ್ತದೆ. ಶಾಖ ಒಯ್ಯಲು ಗಾಳಿಯಿಲ್ಲ, ಬಾಡಿ ಕಾಯುತ್ತಲೇ ಹೋಗುತ್ತದೆ. ಅದೇ ಮೆಷಿನ್ ಟೇಬಲ್ ಮೇಲೆ ಇಡೀ ದಿನ ಆರಾಮಾಗಿ ಓಡಿರುತ್ತೆ.

ಇನ್ನೊಂದು ರಾಕೆಟ್ ತಯಾರಾಗಿ ನಿಂತಿತ್ತು. ಅದರ ಕನ್ವರ್ಟರನ್ನು ಗಾಳಿಯಾಡದ ಡಬ್ಬಿಯೊಳಗೆ ಮುಚ್ಚಿಟ್ಟರು. ಫೆಬ್ರವರಿ 12ಕ್ಕೆ ಬ್ಲಾಕ್ ಎಲ್ ಹೊತ್ತಿಕೊಂಡು ವೆನೆರಾ-1 ಶುಕ್ರನ ದಾರಿ ಹಿಡಿಯಿತು.

ಲ್ಯಾಬಿಗೆ ಬರುವ ಕಸ್ಟಮರ್‌ಗಳೂ ಹೀಗೇ. ವರ್ಷಗಟ್ಟಲೆ ಕೂತು ಮಾಡಿದ ಮುಖ್ಯ ಬೋರ್ಡನ್ನು ಮಗುವಿನ ಹಾಗೆ ಎತ್ತಿಕೊಂಡು ಬರುತ್ತಾರೆ. ಅದಕ್ಕೆ ಪವರ್ ಕೊಡುವ ಅಂಗಡಿ ಮಾಲಿನ ಕನ್ವರ್ಟರ್ ಬಗ್ಗೆ ಕೇಳಿದರೆ ಡೇಟಾ ಶೀಟ್ ತೋರಿಸುತ್ತಾರೆ. 'ಸರ್, ಇದು ಪ್ರೂವನ್ ಐಟಂ.' ಎಲ್ಲಿ ಪ್ರೂವ್ ಆಗಿದ್ದು? ಹವಾ ಇರೋ ಕಡೆ ಅಲ್ವಾ? ಅದಕ್ಕೇ ಈಗ ಛೇಂಬರಿನ ಹೊರಗೆ ನಮ್ಮ ಸಪ್ಲೈ ಇಟ್ಟು ಬರೀ ಬೋರ್ಡ್ ಟೆಸ್ಟ್ ಮಾಡಿ ಎಂದರೆ ನಾನು ಒಪ್ಪುವುದಿಲ್ಲ. ಹಾರುವಾಗ ಜೊತೆಗಿರುವ ಕನ್ವರ್ಟರ್, ಕೇಬಲ್, ಕನೆಕ್ಟರ್ ಎಲ್ಲ ಒಳಗೆ ಬರಬೇಕು. ಸ್ವಿಚ್ ಹಾಕುವುದೂ ಗಾಳಿ ಹೋದ ಮೇಲೆಯೇ.

ಕಥೆ ಕೇಳಿದವರು ಕೆಲವರು, ಹಾಗಿದ್ದರೆ ನಾವೂ ಡಬ್ಬಿಯಲ್ಲಿ ಮುಚ್ಚಿಬಿಡ್ತೀವಿ ಅನ್ನುತ್ತಾರೆ. ಬ್ಲಾಕ್ ಎಲ್‌ನ ಆ ಕನ್ವರ್ಟರಿಗೆ ಒಂದೆರಡು ಗಂಟೆಯ ಕೆಲಸ ಅಷ್ಟೇ, ಅಲ್ಲಿಯವರೆಗೆ ಡಬ್ಬಿಯೊಳಗಿನ ಗಾಳಿ ಉಳಿದರೆ ಸಾಕಿತ್ತು. ಉಪಗ್ರಹ ಐದಾರು ವರ್ಷ ದುಡಿಯಬೇಕು. ಡಬ್ಬಿ ತರುವುದಾದರೆ ತರಲಿ, ಲೀಕ್ ಟೆಸ್ಟಿಗೆ ಬೇರೆ ಸ್ಲಾಟ್ ಬುಕ್ ಮಾಡಬೇಕಾಗುತ್ತದೆ.