ವಾದಕ್ಕೆ ಬಲ ಕೊಡುವ ಆಯ್ಕೆ ಯಾವುದು?

ಎಂಬಿಎ ಥರದ ಕೋರ್ಸ್‌ಗಳಿಗೆ ಸೇರಲು ಬರೆಯುವ ಜಿಮ್ಯಾಟ್ ಪರೀಕ್ಷೆಯ ವರ್ಬಲ್ (ಓದು, ತರ್ಕದ) ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಅದರಲ್ಲಿ ‘ವಾದಕ್ಕೆ ಹೆಚ್ಚು ಬಲ ಕೊಡುವುದು ಯಾವುದು’ ಅನ್ನೋ ಥರದವು ಜಾಣರನ್ನೂ ಸುಸ್ತು ಮಾಡುತ್ತವೆ. ಒಂದು ಉದಾಹರಣೆ: ಕೆಲವು ಸಿಗ್ನಲ್‌ಗಳಲ್ಲಿ ಕ್ಯಾಮೆರಾ ಹಾಕಿದರು, ಮುಂದಿನ ವರ್ಷ ಅಲ್ಲಿ ಅಪಘಾತ ಕಡಿಮೆಯಾಯಿತು, ಹಾಗಾಗಿ ಇದು ಕ್ಯಾಮೆರಾದಿಂದಲೇ ಅಂತ ವಾದ. ‘ದಂಡ ಜಾಸ್ತಿ ವಸೂಲಾಯಿತು’ ಅನ್ನೋ ಆಯ್ಕೆ ಸರಿ ಅನ್ನಿಸುತ್ತದೆ, ಆದರೆ ಅಪಘಾತದ ಬಗ್ಗೆ ಅದು ಏನೂ ಹೇಳಲ್ಲ. ಕ್ಯಾಮೆರಾ ಇಲ್ಲದ, ಅಷ್ಟೇ ವಾಹನ ಓಡಾಡುವ ಸಿಗ್ನಲ್‌ಗಳಲ್ಲಿ ಅಪಘಾತ ಇಳಿದಿಲ್ಲ ಅಂತ ಇದ್ದರೆ? ಅದೇ ಉತ್ತರ. ಬೇರೆ ಕಾರಣಗಳ ಬಾಯಿ ಮುಚ್ಚಿಸುತ್ತದೆ, ಅಲ್ವಾ? ಪೂರ್ತಿ ಸಾಬೀತು ಮಾಡಬೇಕಿಲ್ಲ.

‘ಎಲ್ಲ’, ‘ಯಾವಾಗಲೂ’ ಕಂಡ ತಕ್ಷಣ ಆಯ್ಕೆಯನ್ನು ಹೊಡೆದುಹಾಕಿ ಅನ್ನೋ ಕೋಚಿಂಗ್ ಉಪದೇಶ ನನಗಂತೂ ಒಪ್ಪಿಗೆಯಿಲ್ಲ. ಇಲ್ಲಿ ಆಯ್ಕೆಗಳನ್ನೆಲ್ಲ ನಿಜ ಅಂತಲೇ ಇಟ್ಟುಕೊಳ್ಳಬೇಕು, ವಿಷಯಕ್ಕೆ ತಾಗುವಂತಿದ್ದರೆ ಮಾತು ಗಟ್ಟಿಯಾದಷ್ಟೂ ಒಳ್ಳೆಯದೇ.